ಬಾಗಿಲ ಮೇಲೆ ‘ನಾಳೆ ಬಾ’

ರಾತ್ರಿ ಹನ್ನೊಂದೂವರೆ. ಹಾವೇರಿಯ ನನ್ನ ಬಾಡಿಗೆ ಮನೆಯ ಹೊರಗಿನ ಕೋಣೆಯಲ್ಲಿ ಇನ್ನೂ ಲೈಟು ಉರಿಯುತ್ತಿತ್ತು. ಅಕ್ಕನ ಮಗ ಓದುತ್ತಿದ್ದಾನೆ ಪಾಪ ಅಂದುಕೊಂಡು, ನೀರು ಕುಡಿಯುವ ನೆಪದಲ್ಲಿ ಇಣುಕಿದೆ. ಅವನು ಕಪಾಟು ಖಾಲಿ ಮಾಡಿ, ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತಿದ್ದ. ಎರಡು ವರ್ಷದಿಂದ ನಾನು ಎಷ್ಟು ಬೈದರೂ ಅವನು ಮುಟ್ಟದಿದ್ದ ಕಪಾಟು ಅದು.

‘ಏನೋ ಇದು, ಈ ಹೊತ್ತಿನ್ಯಾಗ?’

‘ಪ್ರಾಜೆಕ್ಟ್ ಬರೀಬೇಕು ಮಾಮಾ. ಎಲ್ಲಾ ಸ್ವಚ್ಛ ಇದ್ರ ಬರಿಯಾಕ ಮನಸು ಬರತೈತಿ.’

ಟೇಬಲ್ ಮೇಲೆ ಎ4 ಹಾಳೆಗಳಿದ್ದವು. ಮೇಲಿನ ಹಾಳೆಯಲ್ಲಿ ಕೆಂಪು ಪೆನ್ನಿನಿಂದ, ಸ್ಕೇಲ್ ಇಟ್ಟು ಎರಡು ಗೆರೆ ಎಳೆದು, ಬಹಳ ಮುದ್ದಾಗಿ ಬರೆದಿದ್ದ: ‘ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ: ಒಂದು ಅಧ್ಯಯನ’. ಅದರ ಕೆಳಗೆ ‘ಪೀಠಿಕೆ’ ಎಂಬ ಒಂದು ಪದ. ಅದರ ಕೆಳಗೆ ಏನೂ ಇಲ್ಲ. ಕೊಡುವ ದಿನಕ್ಕೆ ಇನ್ನು ಒಂಬತ್ತು ದಿನ ಇತ್ತು. ವಿಷಯ ಕೊಟ್ಟು ಎರಡೂವರೆ ತಿಂಗಳಾಗಿತ್ತು.

ಇದು ಕಳೆದ ಬೇಸಿಗೆಯ ಮಾತು, ಯುಗಾದಿಯ ಮರುವಾರದ್ದು. ಹುಡುಗ ಬಿ.ಎ. ಕೊನೆಯ ವರ್ಷ. ಅಕ್ಕ-ಭಾವನದು ಬ್ಯಾಡಗಿ ಸಮೀಪದ ಹಳ್ಳಿ. ಮೂರು ಎಕರೆ ಹೊಲ, ಅದರಲ್ಲಿ ಮೆಣಸಿನಕಾಯಿ, ಮೆಕ್ಕೆಜೋಳ. ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ಹುಡುಗನನ್ನು ನನ್ನ ಮನೆಯಲ್ಲಿ ಬಿಟ್ಟಿದ್ದರು. ‘ನೀ ಪೇಪರಿನ್ಯಾಗ ಬರಿಯೋನು, ಅವಂಗೂ ಒಂದಿಷ್ಟು ಬರಿಯೋದು ಕಲಸು’ ಎಂದಿದ್ದಳು ಅಕ್ಕ.

ನನಗೆ ಸಿಟ್ಟು ಬಂತು. ಸೋಮಾರಿ, ಫೋನ್ ಹುಚ್ಚ, ಅಪ್ಪ-ಅವ್ವ ಬಿಸಿಲಲ್ಲಿ ಸಾಯುವುದು ನಿನಗೆ ಕಾಣುವುದಿಲ್ಲವೇ ಎಂದು ಬೈದೆ. ಅವನು ತಲೆ ತಗ್ಗಿಸಿ ಪುಸ್ತಕ ಒರೆಸುತ್ತಲೇ ಇದ್ದ. ಬೈದು ಬಂದು ಹಾಸಿಗೆಯಲ್ಲಿ ಬಿದ್ದುಕೊಂಡರೆ ನಿದ್ದೆ ಇಲ್ಲ. ಬೈದ ಮಾತುಗಳಲ್ಲಿ ಒಂದು ಸುಳ್ಳಿತ್ತು. ಆ ಹುಡುಗ ಸೋಮಾರಿ ಅಲ್ಲ. ಕಟಾವಿನ ಕಾಲದಲ್ಲಿ ಶನಿವಾರ ಊರಿಗೆ ಹೋಗಿ, ನಸುಕಿನಲ್ಲಿ ಎದ್ದು, ಒಣಗಿದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿ, ಟ್ರ್ಯಾಕ್ಟರಿಗೆ ಏರಿಸಿ, ಕೈ ಉರಿ ಎಂದು ಒಮ್ಮೆಯೂ ಗೊಣಗದೆ ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹಾಜರಾಗುವವನು. ಇಂಥವನಿಗೆ ಹತ್ತು ಹಾಳೆ ಬರೆಯುವುದು ಮೂವತ್ತು ಚೀಲ ಎತ್ತುವುದಕ್ಕಿಂತ ಭಾರವಾಗಿದೆ ಎಂದರೆ, ಆ ಭಾರಕ್ಕೆ ಬೇರೆ ಹೆಸರಿರಬೇಕು.

ನಿದ್ದೆ ಬರದಿರಲು ಇನ್ನೊಂದು ಕಾರಣವೂ ಇತ್ತು. ಅದನ್ನು ಈವರೆಗೆ ನಾನು ಯಾರಿಗೂ ಹೇಳಿರಲಿಲ್ಲ.

ನಾನು ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಸೇರಿದ್ದು 2012ರಲ್ಲಿ, ಅಂಚೆ ಶಿಕ್ಷಣದಲ್ಲಿ. ಆಗಲೇ ತಾಲ್ಲೂಕಿನಿಂದ ಸುದ್ದಿ ಕಳಿಸಲು ಶುರು ಮಾಡಿದ್ದೆ. ಒಂದು ವರ್ಷದ ಕೋರ್ಸು. ಪ್ರತಿ ಪೇಪರಿಗೂ ಅಸೈನ್‌ಮೆಂಟ್, ಕೊನೆಗೊಂದು ಪ್ರಾಜೆಕ್ಟ್ ವರದಿ. ಅಸೈನ್‌ಮೆಂಟ್ ಪ್ರಶ್ನೆಗಳ ಲಕೋಟೆ ಬಂದ ದಿನ ಅದನ್ನು ಟಿವಿ ಮೇಲೆ ಇಟ್ಟೆ. ‘ಭಾನುವಾರ ಕೂತು ಎಲ್ಲಾ ಮುಗಿಸಿಬಿಡೋಣ’ ಎಂದುಕೊಂಡೆ. ಆ ಭಾನುವಾರ ಯಾರದೋ ಮದುವೆ. ಮುಂದಿನ ಭಾನುವಾರ ಕ್ರಿಕೆಟ್. ಅದರ ಮುಂದಿನ ಭಾನುವಾರ ಕೂತೆ, ಹಾಳೆಗೆ ಮಾರ್ಜಿನ್ ಹಾಕಿದೆ, ‘ಸಂವಹನದ ವ್ಯಾಖ್ಯೆ’ ಎಂದು ಬರೆದೆ, ಎದ್ದು ಚಹಾ ಮಾಡಿಕೊಂಡೆ. ಲಕೋಟೆ ಟಿವಿ ಮೇಲೆ ಧೂಳು ಹಿಡಿಯಿತು. ಕೊನೆಗೆ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆಂದು ಟ್ರಂಕಿನೊಳಗೆ ಹಾಕಿದೆ.

ಒಂದು ವರ್ಷದ ಕೋರ್ಸು ಮೂರು ವರ್ಷ ಹಿಡಿಯಿತು. ನಡುವೆ ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕನ ಕೆಲಸ ಬಂದಿತ್ತು. ಪರೀಕ್ಷೆ ಬರೆದೆ, ಪಾಸಾದೆ. ಡಿಪ್ಲೊಮಾ ಸರ್ಟಿಫಿಕೇಟ್ ತನ್ನಿ ಅಂದರು. ನನ್ನ ಬಳಿ ಇರಲಿಲ್ಲ. ತಿಂಗಳ ಸಂಬಳ, ಪಿಎಫ್ ಇರುವ ಕೆಲಸ ಇನ್ನೊಬ್ಬರಿಗೆ ಹೋಯಿತು. ಸುದ್ದಿಗೆ ಇಷ್ಟು ಎಂದು ಎಣಿಸಿ ಕೊಡುವ ಸ್ಟ್ರಿಂಗರ್ ಕೆಲಸದಲ್ಲೇ ನಾನು ಉಳಿದೆ. ಮನೆಯಲ್ಲಿ ಏನು ಹೇಳಿದೆ? ‘ಯುನಿವರ್ಸಿಟಿಯವ್ರು ಸರ್ಟಿಫಿಕೇಟ್ ಕೊಡಾಕ ತಡ ಮಾಡಿದ್ರು’ ಎಂದೆ. ನಂಬಿದರು. ವಿಶ್ವವಿದ್ಯಾಲಯ ಎಂದರೆ ತಡ ಮಾಡುವ ಜಾಗ ಎಂದು ನಮ್ಮ ಕಡೆ ಎಲ್ಲರೂ ಸುಲಭವಾಗಿ ನಂಬುತ್ತಾರೆ. ನಾನು ಬರೆದೇ ಇರಲಿಲ್ಲ ಎಂಬುದನ್ನು ಟ್ರಂಕ್ ಒಂದೇ ಬಲ್ಲದು.

ನಮ್ಮೂರಿನ ಹಳೆಯ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ತೊಂಬತ್ತರ ದಶಕದಲ್ಲಿ ಆ ಸುದ್ದಿ ಹಬ್ಬಿತ್ತು. ರಾತ್ರಿ ಒಂದು ದೆವ್ವ ಬರುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ನಮ್ಮ ಮನೆಯ ಬಾಗಿಲಿಗೂ ಅಪ್ಪ ಸೀಮೆಸುಣ್ಣದಲ್ಲಿ ಬರೆದಿದ್ದ. ಮಳೆಗೆ ಅಳಿಸಿದಾಗಲೆಲ್ಲ ಅಕ್ಕ ಮತ್ತೆ ತಿದ್ದುತ್ತಿದ್ದಳು. ಸಣ್ಣವನಿದ್ದಾಗ ನನಗೊಂದು ಅನುಮಾನ ಇತ್ತು. ದೆವ್ವ ಹೋಗುವುದೇನೋ ಸರಿ, ಆದರೆ ನಾಳೆ ಬಾ ಎಂದು ನಾವೇ ಬರೆದಿದ್ದೇವಲ್ಲ, ಅಂದರೆ ಅದು ದಿನಾ ಬರುತ್ತದೆ ಎಂದಾಯಿತಲ್ಲ? ಅಸೈನ್‌ಮೆಂಟಿನ ಕತೆಯೂ ಹೀಗೇ. ಮುಂದೂಡಿದವನು ಅದನ್ನು ಮರೆತಿರುತ್ತಾನೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಆ ಎರಡು ವರ್ಷದಲ್ಲಿ ಒಂದು ರಾತ್ರಿಯೂ ನಾನು ಅದನ್ನು ಮರೆತಿರಲಿಲ್ಲ. ದಿನಾ ಬರುತ್ತಿತ್ತು, ಹೆಸರು ಹಿಡಿದು ಕರೆಯುತ್ತಿತ್ತು, ‘ನಾಳೆ’ ಎಂದು ಓದಿಕೊಂಡು ಹೋಗುತ್ತಿತ್ತು. ಮಜಾ ಮಾಡಿದೆನೇ ಎಂದರೆ ಅದೂ ಇಲ್ಲ.

ಮಾರನೆಯ ದಿನ ಜಿಲ್ಲಾಡಳಿತದ ಸಭೆಯೊಂದರಲ್ಲಿ ಕೂತಿದ್ದಾಗ ಒಂದು ಲೆಕ್ಕ ತಲೆಗೆ ಬಂತು. ಡಿಪ್ಲೊಮಾ ಅಸೈನ್‌ಮೆಂಟಿಗೆ ಒಂದು ಸಾಲು ಬರೆಯಲಾಗದ ಆ ದಿನಗಳಲ್ಲೂ ನಾನು ದಿನಾ ಎರಡು-ಮೂರು ಸುದ್ದಿ ಬರೆಯುತ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ. ಈಗಲೂ ತಪ್ಪಿಸುವುದಿಲ್ಲ. 2024ರ ಮಾರ್ಚ್ 11, ಸೋಮವಾರ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ರೊಚ್ಚಿಗೆದ್ದ ದಿನ. ಎಪಿಎಂಸಿ ಕಚೇರಿ ಮೇಲೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಸುಡುವ ರಬ್ಬರಿನ ಹೊಗೆಯೊಳಗೆ, ಒಂದು ಅಡತಿ ಅಂಗಡಿಯ ಕಟ್ಟೆ ಮೇಲೆ ಕೂತು, ಕಣ್ಣೀರು ಒರೆಸಿಕೊಳ್ಳುತ್ತ ಫೋನಿನಲ್ಲೇ ಟೈಪ್ ಮಾಡಿ ಅರ್ಧ ಗಂಟೆಯಲ್ಲಿ ಸುದ್ದಿ ಕಳಿಸಿದ್ದೆ. ಆಗ ನನಗೆ ‘ಮೂಡ್’ ಇತ್ತೇ? ಹೆದರಿಕೆ ಇತ್ತು, ಹಸಿವಿತ್ತು. ಕಪಾಟು ಒರೆಸಬೇಕು ಎಂದು ಮಾತ್ರ ಅನಿಸಲಿಲ್ಲ.

ಅದೇ ಮನುಷ್ಯ, ಅದೇ ಕೈ. ಒಂದು ಕಡೆ ಅರ್ಧ ಗಂಟೆ, ಇನ್ನೊಂದು ಕಡೆ ಮೂರು ವರ್ಷ. ಹಾಗಾದರೆ ವ್ಯತ್ಯಾಸ ಮನುಷ್ಯನ ಗುಣದಲ್ಲಿ ಇರಲಾರದು, ಕೆಲಸ ಅವನ ಮುಂದೆ ಬಂದು ನಿಲ್ಲುವ ರೀತಿಯಲ್ಲಿರಬೇಕು ಅನಿಸಿತು.

ಸುದ್ದಿಗಾರನ ಚಟ, ಹುಡುಕಲು ಶುರು ಮಾಡಿದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್ ಎಂಬವರು ಈ ಮುಂದೂಡುವ ಚಟದ ಬಗ್ಗೆ ಅಲ್ಲಿವರೆಗೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿ 2007ರಲ್ಲಿ ಒಂದು ದೊಡ್ಡ ಲೇಖನ ಬರೆದಿದ್ದಾರೆ. ಅವರ ಲೆಕ್ಕ ಸರಳ. ಕೆಲಸದ ಉಮೇದು ಎಷ್ಟಿರುತ್ತದೆ ಎಂಬುದನ್ನು ನಾಲ್ಕು ಸಂಗತಿ ತೀರ್ಮಾನಿಸುತ್ತವೆ. ಇದನ್ನು ನಾನು ಮಾಡಬಲ್ಲೆ ಎಂಬ ನಂಬಿಕೆ, ಮಾಡಿದರೆ ಸಿಗುವುದರ ಬೆಲೆ: ಇವೆರಡು ಹೆಚ್ಚಾದಷ್ಟೂ ಉಮೇದು ಹೆಚ್ಚು. ಮನಸ್ಸಿನ ಚಂಚಲತೆ, ಫಲ ಸಿಗುವ ದಿನದ ದೂರ: ಇವೆರಡು ಹೆಚ್ಚಾದಷ್ಟೂ ಉಮೇದು ಕಡಿಮೆ.

ನನ್ನ ಸುದ್ದಿಯನ್ನು ಈ ತಕ್ಕಡಿಗೆ ಹಾಕಿ ನೋಡಿ. ಬರೆಯಬಲ್ಲೆ ಎಂದು ಗೊತ್ತು. ಬರೆದರೆ ನಾಳೆ ಬೆಳಿಗ್ಗೆ ಚಹಾದಂಗಡಿಯಲ್ಲಿ ನಾಲ್ಕು ಜನ ಓದುತ್ತಾರೆ, ಒಬ್ಬ ಬೈಯುತ್ತಾನೆ. ಗಡುವು ಸಂಜೆ. ತಡವಾದರೆ ಡೆಸ್ಕಿನಿಂದ ಫೋನ್. ಈಗ ಅಕ್ಕನ ಮಗನ ಪ್ರಾಜೆಕ್ಟನ್ನು ಹಾಕಿ. ಬರೆಯಬಲ್ಲೆ ಎಂಬ ನಂಬಿಕೆ ಇಲ್ಲ. ಬರೆದರೆ ಸಿಗುವುದು ಯಾವುದೋ ಅಂಕಪಟ್ಟಿಯ ಒಂದು ಮೂಲೆಯ ಅಂಕ. ಗಡುವು ಎರಡೂವರೆ ತಿಂಗಳಾಚೆ. ನಡುವೆ ಕೈಯಲ್ಲೊಂದು ಫೋನ್. ಲೆಕ್ಕದಲ್ಲಿ ಆ ಹುಡುಗ ಮೊದಲೇ ಸೋತಿದ್ದ. ಗಡುವು ಒಂಬತ್ತು ದಿನಕ್ಕೆ ಬಂದಾಗ ಮಾತ್ರ ಕಪಾಟು ಒರೆಸುವಷ್ಟು ಉಮೇದು ಹುಟ್ಟಿತ್ತು.

ಕೆನಡಾದವರೇ ಆದ ಟಿಮೊಥಿ ಪಿಚಿಲ್ ಮತ್ತು ಅವರ ಜೊತೆ ಕೆಲಸ ಮಾಡಿದ ಫುಶಿಯಾ ಸಿರೋಯಿ ಇನ್ನೊಂದು ಮಾತು ಹೇಳುತ್ತಾರೆ. ನಾವು ಕೆಲಸವನ್ನು ಮುಂದೂಡುತ್ತೇವೆ ಅಂದುಕೊಳ್ಳುತ್ತೇವೆ, ನಿಜಕ್ಕೂ ಮುಂದೂಡುವುದು ಆ ಕೆಲಸ ಎಬ್ಬಿಸುವ ಸಂಕಟವನ್ನಂತೆ. ಹಾಳೆ ನೋಡಿದ ಕೂಡಲೇ ಅಳುಕು. ಎದ್ದು ಹೋದ ಕೂಡಲೇ ಹಗುರ. ಆ ಹಗುರವೇ ಬಹುಮಾನ. ಬಹುಮಾನ ಸಿಕ್ಕ ಕೆಲಸವನ್ನು ಮನಸ್ಸು ಮತ್ತೆ ಮಾಡುತ್ತದೆ. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರೆ ಇದು ಯಾಕೆ ಹೋಗುವುದಿಲ್ಲ ಎಂಬುದು ಆಗ ನನಗೆ ತಿಳಿಯಿತು. ರೋಗ ಗಡಿಯಾರದ್ದಲ್ಲ, ಹೊಟ್ಟೆಯೊಳಗಿನದು.

ಹಾಗಾದರೆ ಆ ಅಳುಕು ಎಲ್ಲಿಂದ ಬಂತು? ಮರುದಿನ ರಾತ್ರಿ ಊಟಕ್ಕೆ ಕೂತಾಗ ಬೈಯದೆ ಕೇಳಿದೆ, ‘ಪೀಠಿಕೆ ಅಂತ ಬರದು ಯಾಕ ನಿಂತಿ?’

ಬಹಳ ಹೊತ್ತು ರೊಟ್ಟಿ ಮುರಿಯುತ್ತ ಕೂತ. ಆಮೇಲೆ ಹೇಳಿದ: ‘ಪೀಠಿಕೆಯೊಳಗ ಏನ್ ಬರೀಬೇಕಂತ ಗೊತ್ತಿಲ್ಲ ಮಾಮಾ. ಸರ್ ಒಂದು ಹಾಳಿ ಕೊಟ್ಟಾರ. ಪೀಠಿಕೆ, ಅಧ್ಯಯನದ ಉದ್ದೇಶ, ಸಂಶೋಧನಾ ವಿಧಾನ, ದತ್ತಾಂಶ ವಿಶ್ಲೇಷಣೆ, ಉಪಸಂಹಾರ ಅಂತ. ಅವು ಯಾವೂ ನಂಗ ಗೊತ್ತಿಲ್ಲ. ಕೇಳಿದ್ರ, ಮೂರು ವರ್ಷ ಏನ್ ಕಲತಿ ಅಂತಾರ.’

ಫೋನಿನಲ್ಲಿ ಎಐಗೆ ಕೇಳಿದ್ದನಂತೆ. ಅದು ಇಡೀ ವರದಿಯನ್ನೇ ಕೊಟ್ಟಿತು. ಓದಿದರೆ ಬ್ಯಾಡಗಿಯ ಹೆಸರಿತ್ತು, ಬ್ಯಾಡಗಿ ಇರಲಿಲ್ಲ. ‘ಅದನ್ನ ಕೊಟ್ಟು ಬಿಡಬಹುದಿತ್ತು ಮಾಮಾ, ಭಾಳ ಮಂದಿ ಕೊಡತಾರ. ಆದ್ರ ನಮ್ಮೂರ ಮಾರ್ಕೆಟಿನ ಬಗ್ಗೆ ಅದು ಬರದದ್ದು ನಾ ಕೊಡೋದು ಹೆಂಗ?’

ಈ ಮಾತು ಕೇಳಿ ನಾನು ಬೈದದ್ದಕ್ಕೆ ನಾಚಿಕೆಯಾಯಿತು. ನಿಜವಾದ ಸೋಮಾರಿ ಆಗಿದ್ದರೆ ಆ ಕೆಲಸ ಎರಡೂವರೆ ತಿಂಗಳ ಹಿಂದೆಯೇ ಮುಗಿದಿರುತ್ತಿತ್ತು. ಮುಂದೂಡುವ ಎಷ್ಟೋ ಹುಡುಗರು ಕೆಲಸವನ್ನು ಹಗುರವಾಗಿ ತೆಗೆದುಕೊಂಡವರಲ್ಲ, ಚೆನ್ನಾಗಿ ಮಾಡಬೇಕು ಎಂದುಕೊಂಡು, ಚೆನ್ನಾಗಿ ಮಾಡುವುದು ಹೇಗೆಂದು ಗೊತ್ತಿಲ್ಲದೆ ಅಲ್ಲೇ ನಿಂತವರು.

ನಮ್ಮ ಬಳಗದ ನಾವೆಲ್ಲ ಕನ್ನಡ ಮಾಧ್ಯಮದಿಂದ, ಮನೆಯಲ್ಲಿ ಮೊದಲ ಡಿಗ್ರಿಯವರಾಗಿ ಬಂದವರು. ಆ ನಿಲುಗಡೆ ನಮಗೆಲ್ಲ ಗೊತ್ತು. ಬರೆದರೆ ತಾನೇ ನಮ್ಮ ಮಟ್ಟ ಬಯಲಾಗುವುದು? ಬರೆಯದಿದ್ದರೆ ‘ಬರೆದಿದ್ದರೆ ಚೆನ್ನಾಗಿ ಬರೀತಿದ್ದೆ’ ಎಂಬ ಮಾನ ಉಳಿಯುತ್ತದೆ. ಕೊನೆಯ ರಾತ್ರಿ ಗೀಚಿ ಕೊಟ್ಟರೂ ಅದೇ ಅನುಕೂಲ. ಅಂಕ ಕಡಿಮೆ ಬಂದರೆ ‘ಟೈಮ್ ಇರ್ಲಿಲ್ಲ’ ಎನ್ನಬಹುದು. ‘ನಂಗ ಬರಂಗಿಲ್ಲ’ ಎನ್ನುವುದಕ್ಕಿಂತ ಅದು ಎಷ್ಟೋ ವಾಸಿ. ನನ್ನ ಟ್ರಂಕಿನ ಲಕೋಟೆ ಕಾದದ್ದೂ ಈ ಮಾನವನ್ನೇ.

ಅತಿಥಿ ಉಪನ್ಯಾಸಕರಾಗಿರುವ ಗೆಳೆಯರೊಬ್ಬರಿದ್ದಾರೆ. ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ಅವರಿಗೆ ಈ ಕತೆ ಹೇಳಿದೆ. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಕಾಯಂಗೊಳಿಸಿ ಎಂದು ತರಗತಿ ಬಿಟ್ಟು ಮುಷ್ಕರ ಕೂತಾಗ ನಾನು ಇವರ ಫೋಟೊ ತೆಗೆದು ಸುದ್ದಿ ಮಾಡಿದ್ದೆ. ಅವರು ನಕ್ಕರು.

‘ಹುಡುಗರು ಮುಂದ ಹಾಕ್ತಾರ ಅಂತೀರಿ. ನಾನೂ ತಿದ್ದೋದನ್ನ ಮುಂದ ಹಾಕ್ತೀನಿ. ಕಟ್ಟು ಕಟ್ಟು ಅಸೈನ್‌ಮೆಂಟ್ ಬರತಾವು. ಎಲ್ಲಾ ಒಂದ ಗೈಡಿನಿಂದ ಇಳಿಸಿದ್ದು. ಮುಂದಿನ ವರ್ಷ ನಾ ಇದ ಕಾಲೇಜಿನ್ಯಾಗ ಇರ್ತೀನೋ ಇಲ್ಲೋ ಗೊತ್ತಿಲ್ಲ. ಓದಿ ಏನ್ ಬರೀಲಿ? ಕೊನೀ ಪುಟ ನೋಡಿ, ಬೈಂಡಿಂಗ್ ನೋಡಿ, ಅಂಕ ಹಾಕ್ತೀವ್ರಿ.’

ಸ್ವಲ್ಪ ಹೊತ್ತು ಬಿಟ್ಟು ತಾವೇ ಇನ್ನೊಂದು ಹೇಳಿದರು. ಒಮ್ಮೆ ಒಬ್ಬ ಹುಡುಗಿಯ ಅಸೈನ್‌ಮೆಂಟಿನಲ್ಲಿ ಅವಳ ಊರಿನ ಕೆರೆಯ ಬಗ್ಗೆ ಎರಡು ಸಾಲು ಇತ್ತಂತೆ. ಪಕ್ಕದಲ್ಲಿ ‘ಇದನ್ನು ಇನ್ನಷ್ಟು ಬರೆಯಬಹುದಿತ್ತು, ಚೆನ್ನಾಗಿದೆ’ ಎಂದು ಬರೆದಿದ್ದರು. ಮುಂದಿನ ಸಲ ಇಡೀ ತರಗತಿಯಲ್ಲಿ ಮೊದಲು ತಂದು ಕೊಟ್ಟವಳು ಅವಳೇ. ‘ಒಂದು ಸಾಲಿಗೆ ಅಷ್ಟು ಬಲ ಐತಿ ಅಂತ ಗೊತ್ತು. ಆದ್ರ ಅಷ್ಟು ಮಂದಿಗೆ ಒಂದೊಂದು ಸಾಲು ಬರಿಯೋ ತಾಕತ್ತು ಎಲ್ಲಿಂದ ತರಲಿ?’

ಪ್ರೇರಣೆ ಪ್ರೇರಣೆ ಎಂದು ನಾವು ಭಾಷಣ ಹೊಡೆಯುತ್ತೇವೆ. ಅಕ್ಕನ ಮಗನ ಫೋನಿನಲ್ಲಿ ಮೋಟಿವೇಶನ್ ವಿಡಿಯೊಗಳಿಗೆ ಬರವಿರಲಿಲ್ಲ. ಹುಲಿ, ಹದ್ದು, ಬೆಟ್ಟ ಹತ್ತುವವರು, ಹಿಂದೆ ತಬಲಾ. ರಾತ್ರಿ ಒಂದರವರೆಗೆ ನೋಡಿ, ನಾಳೆಯಿಂದ ನಸುಕಿನ ನಾಲ್ಕಕ್ಕೆ ಏಳುತ್ತೇನೆ ಎಂದು ತೀರ್ಮಾನಿಸಿ, ಎಂಟಕ್ಕೆ ಏಳುತ್ತಿದ್ದ. ತೀರ್ಮಾನ ಮಾಡಿದ ಸುಖವೇ ಕೆಲಸ ಮಾಡಿದಷ್ಟು ಹಿತ ಕೊಡುತ್ತಿತ್ತು.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಹೇಳುವ ಪ್ರೇರಣೆಗೆ ತಬಲಾ ಬೇಕಿಲ್ಲ. ಮನುಷ್ಯನಿಗೆ ಮೂರು ಬೇಕು. ಇದು ನಾನೇ ಆರಿಸಿಕೊಂಡದ್ದು ಎನ್ನುವ ಭಾವ, ಇದು ನನ್ನ ಕೈಲಾಗುತ್ತದೆ ಎನ್ನುವ ಭಾವ, ಇದರಲ್ಲಿ ನನ್ನ ಜೊತೆ ಯಾರೋ ಇದ್ದಾರೆ ಎನ್ನುವ ಭಾವ. ಇವಿದ್ದಲ್ಲಿ ಒಳಗಿನಿಂದ ಉಮೇದು ಹುಟ್ಟುತ್ತದೆ, ಇಲ್ಲದಲ್ಲಿ ಹೊರಗಿನ ಹೆದರಿಕೆ ಮಾತ್ರ ಉಳಿಯುತ್ತದೆ. ನಮ್ಮ ಎಷ್ಟೋ ತರಗತಿಗಳಲ್ಲಿ ವಿಷಯ ಹಂಚುವುದು ಹಾಜರಿ ಸಂಖ್ಯೆಯ ಪ್ರಕಾರ. ಹೇಗೆ ಬರೆಯುವುದೆಂದು ಕೂತು ತೋರಿಸುವವರಿಲ್ಲ. ಬರೆದದ್ದನ್ನು ಓದುವವರಿಲ್ಲ. ಮೂರೂ ಕಳಚಿದ ಮೇಲೆ ಉಳಿಯುವುದು ಗಡುವಿನ ಹಿಂದಿನ ರಾತ್ರಿ ಜೆರಾಕ್ಸ್ ಅಂಗಡಿಯ ಮುಂದಿನ ಸಾಲು.

ನಾನು ಮಾಡಬಹುದಾದದ್ದು ಏನು? ಕಾಲೇಜನ್ನು ಬದಲಿಸಲಾರೆ. ಓದುವವನಾಗಬಲ್ಲೆ ಅನಿಸಿತು. ಡೆಸ್ಕ್ ನನಗೆ ಮಾಡುವುದನ್ನೇ ನಾನು ಅವನಿಗೆ ಮಾಡುವುದು.

ಅದಕ್ಕೂ ಮೊದಲು ಅವನಿಗೆ ನನ್ನ ಟ್ರಂಕಿನ ಕತೆ ಹೇಳಿದೆ. ಹುಬ್ಬಳ್ಳಿ ಕೆಲಸ ಹೋದದ್ದು, ಮನೆಯವರಿಗೆ ಸುಳ್ಳು ಹೇಳಿದ್ದು, ಎಲ್ಲ. ಅವನು ಬಾಯಿ ಬಿಟ್ಟು ನೋಡಿದ. ‘ನೀನೂ?’ ಎಂದ. ಆ ಎರಡು ಅಕ್ಷರದಲ್ಲಿ ಅವನ ಭುಜದಿಂದ ಏನೋ ಇಳಿದದ್ದು ನನಗೆ ಕಂಡಿತು. ಆಮೇಲೆ ಓದಿದೆ, 2010ರಲ್ಲಿ ಕಾರ್ಲ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಪ್ರಕಟವಾಗಿದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಆದದ್ದಾಯಿತು ಎಂದು ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರಂತೆ. ನಾವು ಮಾಡುವುದು ಇದರ ಉಲ್ಟಾ. ಮುಂದೂಡಿದವನಿಗೆ ಚೆನ್ನಾಗಿ ಉಗಿಯುತ್ತೇವೆ, ಅವನೂ ತನಗೆ ತಾನು ಉಗಿದುಕೊಳ್ಳುತ್ತಾನೆ. ಹಾಳೆ ನೋಡಿದರೆ ಅಳುಕು ಇನ್ನೂ ಹೆಚ್ಚುತ್ತದೆ.

ಸೋಮವಾರ ಬ್ಯಾಡಗಿ ಮಾರುಕಟ್ಟೆಯ ದಿನ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋದೆ. ಸೀನುತ್ತ, ಕೆಮ್ಮುತ್ತ ಒಳಗೆ ನಡೆದೆವು. ನಾನು ಏನೂ ಗೊತ್ತಿಲ್ಲದವನ ಹಾಗೆ ಕೇಳುತ್ತ ಹೋದೆ, ಅವನು ಹೇಳುತ್ತ ಹೋದ. ಡಬ್ಬಿ ಯಾವುದು, ಕಡ್ಡಿ ಯಾವುದು. ಖಾರ ಕಡಿಮೆ, ಬಣ್ಣ ಹೆಚ್ಚು ಇರುವುದೇ ಬ್ಯಾಡಗಿ ಕಾಯಿಯ ಬೆಲೆ ಹೇಗೆ. ಮಸಾಲೆ ಪುಡಿಯವರು ಬಿಟ್ಟರೆ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಯವರು ಯಾಕೆ ಕೊಳ್ಳುತ್ತಾರೆ. ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿ ಇಲ್ಲಿಗೆ ಬಂದಾಗ ಅಪ್ಪನ ಕಾಯಿಯ ದರ ಏನಾಗುತ್ತದೆ. ಟೆಂಡರ್ ದರ ಪ್ರಕಟವಾಗುವ ತನಕ ರೈತ ಚೀಲದ ಪಕ್ಕದಲ್ಲಿ ಹೇಗೆ ಕೂತಿರುತ್ತಾನೆ. ದರ ಬಿದ್ದಾಗ ಶೀತಲಗೃಹದಲ್ಲಿ ಇಡುವುದೋ ಮಾರುವುದೋ ಎಂದು ಮನೆಯಲ್ಲಿ ಎಂಥ ಜಗಳವಾಗುತ್ತದೆ. ಮುಕ್ಕಾಲು ಗಂಟೆ ಮಾತಾಡಿದ. ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಇತ್ತು.

ಚಹಾ ಕುಡಿಯುವಾಗ ಅದನ್ನು ಅವನಿಗೇ ಕೇಳಿಸಿದೆ. ‘ಇಷ್ಟ ನಿನ್ನ ವರದಿ. ನೀ ಯಾಕ ಈ ವಿಷಯ ಹಿಡದಿ ಅನ್ನೋದ ಪೀಠಿಕೆ. ಏನು ತಿಳೀಬೇಕಂತಿ ಅನ್ನೋದ ಉದ್ದೇಶ. ಯಾರ್‍ಯಾರನ್ನ ಕೇಳಿದಿ ಅನ್ನೋದ ಸಂಶೋಧನಾ ವಿಧಾನ. ದೊಡ್ಡ ಹೆಸರು ಇಟ್ಟಾರ, ಅಷ್ಟ.’

ಒಪ್ಪಂದ ಹೀಗೆ ಆಯಿತು. ದಿನಾ ರಾತ್ರಿ ಊಟದ ತಾಟು ತೊಳೆದ ಕೂಡಲೇ, ಹೊರಗಿನ ಕೋಣೆಯಲ್ಲಿ, ಫೋನ್ ನನ್ನ ಕೈಗೆ ಕೊಟ್ಟು, ಒಂದು ಪುಟ. ಚೆನ್ನಾಗಿರಬೇಕಿಲ್ಲ. ಒಂಬತ್ತೂವರೆಗೆ ನನ್ನ ಮುಂದೆ ಇರಬೇಕು. ನಾನು ಓದಿ ಒಂದು ಸಾಲು ಬರೆಯುತ್ತೇನೆ. ತಾಟು ತೊಳೆದ ಕೂಡಲೇ ಎಂದು ಯಾಕೆ ಹಿಡಿದೆ ಎಂದರೆ ಅದಕ್ಕೂ ಒಂದು ಕತೆ ಇದೆ. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಮತ್ತವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಲು ಹೇಳಿದ್ದರು. ಕ್ರಿಸ್‌ಮಸ್ ಹಿಂದಿನ ರಾತ್ರಿಯನ್ನು ಹೇಗೆ ಕಳೆದಿರಿ ಎಂಬುದೇ ವಿಷಯ, ಎರಡು ದಿನದೊಳಗೆ ಬರೆಯಬೇಕು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಎಂದು ಮೊದಲೇ ಗುರುತು ಹಾಕಿಕೊಂಡವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಹೇಳಿದ ಹೊತ್ತಿಗೆ ಬರೆದರು. ಬರೆಯುತ್ತೇವೆ ಎಂದಷ್ಟೇ ಅಂದುಕೊಂಡವರಲ್ಲಿ ಬರೆದವರು ಮೂರನೇ ಒಂದರಷ್ಟು. ‘ಬರೆಯುತ್ತೇನೆ’ ಎನ್ನುವುದಕ್ಕೂ ‘ತಾಟು ತೊಳೆದು, ಆ ಕುರ್ಚಿಯಲ್ಲಿ ಬರೆಯುತ್ತೇನೆ’ ಎನ್ನುವುದಕ್ಕೂ ಇಷ್ಟು ಅಂತರ.

ದಿನಾ ಒಂದು ಪುಟ ಎಂದದ್ದೂ ಬೇಕೆಂದೇ. ಡ್ಯಾನ್ ಏರಿಯೆಲಿ, ಕ್ಲಾಸ್ ವೆರ್ಟೆನ್‌ಬ್ರಾಕ್ ಎಂಬವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತರಗತಿಗೆ ಮೂರು ಪ್ರಬಂಧಗಳಿಗೂ ಸಮ ಅಂತರದ ಗಡುವು ಕೊಟ್ಟರು, ಇನ್ನೊಂದಕ್ಕೆ ನಿಮ್ಮ ಗಡುವನ್ನು ನೀವೇ ಹಾಕಿಕೊಳ್ಳಿ ಎಂದು ಬಿಟ್ಟರು. ಸಮ ಅಂತರದ ಗಡುವಿದ್ದವರಿಗೇ ಹೆಚ್ಚು ಅಂಕ ಬಂತು. ದೂರದ ಒಂದು ದೊಡ್ಡ ಗಡುವಿಗಿಂತ ಹತ್ತಿರದ ಸಣ್ಣ ಸಣ್ಣ ಗಡುವು ಮೇಲು. ಸುದ್ದಿಮನೆಗೆ ಇದು ಹೊಸದಲ್ಲ. ವರ್ಷದ ಕೊನೆಗೆ ಒಟ್ಟಿಗೆ ಮುನ್ನೂರು ಸುದ್ದಿ ಕಳಿಸು ಎಂದಿದ್ದರೆ ನಾನು ಒಂದನ್ನೂ ಕಳಿಸುತ್ತಿರಲಿಲ್ಲ.

ಎಲ್ಲ ಸಿನಿಮಾದಂತೆ ನಡೆಯಿತು ಎಂದುಕೊಳ್ಳಬೇಡಿ. ಮೊದಲ ದಿನ ಆರು ಸಾಲು ಬಂತು, ಅದರಲ್ಲಿ ಮೂರು ಎಐ ಬರೆದದ್ದು. ಎರಡನೇ ದಿನ ತಲೆನೋವು. ಮೂರನೇ ದಿನ ಮುಕ್ಕಾಲು ಪುಟ ಬಂತು. ಅಪ್ಪ ಚೀಲದ ಮೇಲೆ ಕೂತು ಮೊಬೈಲ್ ನೋಡುವ ನೆಪದಲ್ಲಿ ದರದ ಬೋರ್ಡು ನೋಡುವುದನ್ನು ಬರೆದಿದ್ದ. ನಾನು ಪಕ್ಕದಲ್ಲಿ ‘ಇದು ನನ್ನಿಂದ ಹದಿನೈದು ವರ್ಷದಲ್ಲಿ ಬರೆಯಲಾಗಿಲ್ಲ’ ಎಂದು ಬರೆದೆ. ನಿಜವೇ ಬರೆದೆ. ನಾಲ್ಕನೇ ದಿನ ನಾನು ಹೇಳುವ ಮೊದಲೇ ಫೋನ್ ತಂದು ಕೊಟ್ಟ, ಎರಡು ಪುಟ ಬರೆದ. ಐದನೇ ದಿನ ನಾನೇ ರಾಣೆಬೆನ್ನೂರಿಗೆ ಹೋಗಿ ತಡವಾಗಿ ಬಂದೆ. ಹಾಳೆ ನನ್ನ ದಿಂಬಿನ ಮೇಲಿತ್ತು.

ಆಗ ನನಗೆ ಸ್ಪಷ್ಟವಾಯಿತು. ಉಮೇದು ಬಂದ ಮೇಲೆ ಬರೆಯುತ್ತೇವೆ ಎಂದು ಕಾಯುತ್ತೇವೆ. ಅದು ಮೊದಲ ಪುಟದ ನಂತರ ಬರುವ ಅತಿಥಿ. ಆ ಮೊದಲ ಪುಟವನ್ನು ಉಮೇದಿಲ್ಲದೆ, ಅಳುಕಿನಲ್ಲೇ, ಕೆಟ್ಟದಾಗಿಯೇ ಬರೆಯಬೇಕು. ಅಷ್ಟು ದಾಟಿಸಲು ಕಾಯುತ್ತ ಕೂತ ಒಬ್ಬ ಓದುಗ ಸಾಕಾಗಬಹುದು.

ಕೊನೆಯ ದಿನ ಮಧ್ಯಾಹ್ನ ಸ್ಪೈರಲ್ ಬೈಂಡಿಂಗ್ ಮಾಡಿಸಲು ಜೆರಾಕ್ಸ್ ಅಂಗಡಿಯಲ್ಲಿ ಒಂದೂವರೆ ಗಂಟೆ ನಿಂತು, ಕಚೇರಿ ಮುಚ್ಚುವ ಹೊತ್ತಿಗೆ ವರದಿ ಕೊಟ್ಟು ಬಂದ. ಇಪ್ಪತ್ತೆರಡು ಪುಟ. ದತ್ತಾಂಶ ವಿಶ್ಲೇಷಣೆ ಸಪ್ಪೆ ಇತ್ತು. ಇತಿಹಾಸದ ಒಂದು ಅಸೈನ್‌ಮೆಂಟ್ ಮುಂದೂಡಿದ್ದು ಮುಂದೂಡಿದಂತೆಯೇ ಹೋಯಿತು, ಆ ಅಂಕ ಸಿಗಲಿಲ್ಲ. ವರದಿಯನ್ನು ಕಾಲೇಜಿನಲ್ಲಿ ಯಾರಾದರೂ ಓದಿದರೋ ಇಲ್ಲವೋ ತಿಳಿಯಲಿಲ್ಲ. ಅಂಕವಂತೂ ಬಂತು, ಪಾಸಾದ. ಇನ್ನೊಂದು ಜೆರಾಕ್ಸ್ ಪ್ರತಿ ಮಾಡಿಸಿ ಅವರಪ್ಪನಿಗೆ ಕೊಟ್ಟಿದ್ದ. ಭಾವ ಅದನ್ನು ಓದಿ ಒಂದೇ ತಪ್ಪು ಹಿಡಿದರಂತೆ. ಒಂದು ಕಡೆ ತೇವಾಂಶದ ಲೆಕ್ಕ ತಪ್ಪಿತ್ತು.

ಆ ರಾತ್ರಿ ಅಕ್ಕನ ಫೋನ್ ಬಂತು. ಮಗ ವರದಿ ಕೊಟ್ಟ ಸಂತೋಷ. ಮಾತಾಡುತ್ತ ಮಾತಾಡುತ್ತ ಅವಳಿಗೊಂದು ಚಿಂತೆ ಹತ್ತಿತು.

‘ಅಲ್ಲೋ, ನಿಂದು ಡಿಪ್ಲೊಮಾ ಸರ್ಟಿಫಿಕೇಟು ಎರಡು ವರ್ಷ ತಡ ಮಾಡಿದ್ರಲ್ಲ ಯುನಿವರ್ಸಿಟಿಯವ್ರು. ಇವಂದೂ ಹಂಗ ಮಾಡಿಗೀಡ್ಯಾರು?’

ಹೊರಗಿನ ಕೋಣೆಯಲ್ಲಿ ಹುಡುಗ ಮಲಗಿದ್ದ. ಕಪಾಟಿನಲ್ಲಿ ಪುಸ್ತಕಗಳು ಇನ್ನೂ ಒರೆಸಿದಂತೆಯೇ ಇದ್ದವು. ನಾನು ಹೇಳಿದೆ:

‘ಅವ್ರು ತಡ ಮಾಡಿರಲಿಲ್ಲ ಅಕ್ಕಾ. ನಾನ ಬರದು ಕೊಟ್ಟಿರಲಿಲ್ಲ.’

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಕ್ಕ ಅಂದಳು:

‘ನಂಗ ಆವಾಗ್ಲೇ ಗೊತ್ತಿತ್ತು ಬಿಡೋ. ಟ್ರಂಕ್ ಸ್ವಚ್ಛ ಮಾಡೂವಾಗ ಲಕೋಟೆ ನೋಡಿದ್ದೆ. ಊಟ ಆತೇನು?’